ಮನೆಮಂದಿ ಮುಂದೆ ಜೋರಾಗಿ ಓದಬಹುದಾದ ಪ್ರೇಮಕಥೆ, ಐತಿಹಾಸಿಕ ಕಾದಂಬರಿ ಯಾರು ಬರೆದಿದ್ದಾರೆ?

ತೊಗರಿಹೊಲ (ಕಲಬುರಗಿ):

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ವಿಚಿತ್ರ ಅನ್ನಿಸಬಹುದು, ನಗಬೇಡಿ.

ಹೋದ ತಿಂಗಳು ಅವ್ವನಿಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ಒಂದು ಕಣ್ಣು ಮುಗಿದಿದೆ, ಇನ್ನೊಂದು ಬಾಕಿ. ಟಿವಿ ಹಾಕಿದರೆ ಬೆಳಕು ಚುಚ್ಚುತ್ತದೆ ಅನ್ನುತ್ತಾಳೆ. ಅವ್ವ ಮೊದಲಿಂದ ಭಾಳ ಓದುವ ಹೆಂಗಸು, ವಾರಪತ್ರಿಕೆಯ ಧಾರಾವಾಹಿಗಳನ್ನು ಕತ್ತರಿಸಿ ದಾರದಲ್ಲಿ ಹೊಲಿದು ಇಟ್ಟುಕೊಳ್ಳುತ್ತಿದ್ದಳು. ಹಾಗಾಗಿ ಈಗ ರಾತ್ರಿ ಊಟ ಆದ ಮೇಲೆ ನಾನೇ ಕಾದಂಬರಿ ಓದಿ ಹೇಳುತ್ತೇನೆ. ಅವ್ವ ಕಪ್ಪು ಕನ್ನಡಕ ಹಾಕಿಕೊಂಡು ಗೋಡೆಗೆ ಒರಗಿ ಕೂರುತ್ತಾಳೆ. ಅಪ್ಪಾಜಿ ಪೇಪರ್ ಹಿಡಿದು ಕೇಳದವರ ಹಾಗೆ ಕೇಳುತ್ತಾರೆ. ಪಕ್ಕದ ಮನೆ ಕಾಕು ಕೂಡ ಸೊಪ್ಪು ಸೋಸುತ್ತಾ ಬಂದು ಕೂರುತ್ತಾರೆ.

ಮೊನ್ನೆ ಒಂದು ಹೊಸ ಕಾದಂಬರಿ ಹಿಡಿದೆ. ಮುಖಪುಟ ಚೆಂದ ಇತ್ತು, ಸುಮ್ನೆ ತಂದೆ. ಮೂರನೇ ಅಧ್ಯಾಯದಲ್ಲಿ ಎಂಥ ಸನ್ನಿವೇಶ ಬಂತು ಅಂದರೆ ನಾನು ಕೆಮ್ಮಿ, ನೀರು ಕುಡಿದು, ಎರಡು ಪುಟ ಹಾರಿಸಿದೆ. ಅವ್ವ ಸುಮ್ಮನಿರಲಿಲ್ಲ. "ಯಾಕ ನಿಂದ್ರಿಸಿದಿ? ಈಗ ಬಾಗಲದಾಗ ಇದ್ದಳಲ್ಲ, ಅಷ್ಟರಾಗ ಹೆಂಗ ಬೆಳಗಾತು?" ಅಂದಳು. ಅಪ್ಪಾಜಿ ಪೇಪರ್ ಇನ್ನೂ ಮೇಲೆ ಎತ್ತಿ ಹಿಡಿದರು.

ಅದಕ್ಕೇ ಕೇಳುತ್ತಿದ್ದೇನೆ. ಪ್ರೀತಿ ಇರಬೇಕು, ಆದರೆ ಕೆಮ್ಮು ಬರಬಾರದು. ಅವ್ವನಿಗೆ ರಾಜರಾಣಿಯರ ಕಥೆಯೂ ಇಷ್ಟ. ಇನ್ನೊಂದು ಷರತ್ತು, ಕೊನೆಗೆ ಜಾಸ್ತಿ ಅಳಿಸಬಾರದು. ಅತ್ತರೆ ಕಣ್ಣು ಉಜ್ಜಿಕೊಳ್ಳುತ್ತಾಳೆ, ಉಜ್ಜಲೇಬಾರದು ಅಂತ ಡಾಕ್ಟರ್ ಎರಡೆರಡು ಸಲ ಹೇಳಿದ್ದಾರೆ. ಯಾವ ಲೇಖಕರಿಂದ ಶುರು ಮಾಡಲಿ?

ಕಾಗಿಣಾ ದಂಡೆ (ಸೇಡಂ):

ಅಕ್ಕಾ, ನಿಮ್ಮ ಕೆಮ್ಮಿನ ಕಥೆ ಓದಿ ನಮ್ಮ ಮನೆಯವರೆಲ್ಲ ನಕ್ಕರು. ಅವ್ವಂಗೆ ಬೇಗ ಹುಷಾರಾಗಲಿ.

ನನ್ನ ಕೇಳಿದರೆ ತ್ರಿವೇಣಿ. ಆದರೆ ಕಣ್ಣು ಮುಚ್ಚಿ ಎಲ್ಲವನ್ನೂ ತರಬೇಡಿ. ನಿಮ್ಮ ಮೊದಲ ಷರತ್ತಿಗೆ ತ್ರಿವೇಣಿ ನೂರಕ್ಕೆ ನೂರು, ಎರಡನೆಯದಕ್ಕೆ ಆರಿಸಬೇಕಾಗುತ್ತದೆ. 'ಶರಪಂಜರ' ಬೇಡವೇ ಬೇಡ. ಹುಚ್ಚಾಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದ ಹೆಂಗಸನ್ನು ಮನೆಯವರೇ ಹೇಗೆ ಮತ್ತೆ ಅಲ್ಲಿಗೆ ದೂಡುತ್ತಾರೆ ಅನ್ನೋ ಕಥೆ. ನಾನು ಪಿಯುಸಿಯಲ್ಲಿ ಓದಿ ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. 'ಬೆಳ್ಳಿ ಮೋಡ' ತನ್ನಿ. ಶ್ರೀಮಂತರ ಒಬ್ಬಳೇ ಮಗಳು ಇಂದಿರಾ. ಅವಳನ್ನು ಮದುವೆಯಾಗುತ್ತೇನೆ ಅಂತ ಒಪ್ಪಿ, ಅವಳಪ್ಪನ ದುಡ್ಡಿನಲ್ಲೇ ವಿದೇಶಕ್ಕೆ ಓದಲು ಹೋದ ಹುಡುಗ ಮೋಹನ. ಅವನು ವಾಪಸ್ ಬರುವ ಹೊತ್ತಿಗೆ ಅವಳಿಗೊಬ್ಬ ತಮ್ಮ ಹುಟ್ಟಿರುತ್ತಾನೆ. ಆಸ್ತಿಯೆಲ್ಲ ತಮ್ಮನದು. ಈಗ ಹುಡುಗನ ಪ್ರೀತಿ ಎಲ್ಲಿ ಹೋಗುತ್ತದೆ ನೋಡಿ. ಕೊನೆ ಹೇಳುವುದಿಲ್ಲ. ಅಳು ಬರುವುದಕ್ಕಿಂತ ಎದ್ದು ನಿಂತು ಚಪ್ಪಾಳೆ ತಟ್ಟಬೇಕು ಅನ್ನಿಸುತ್ತದೆ. ಪುಟ್ಟಣ್ಣ ಕಣಗಾಲ್ 1967ರಲ್ಲಿ ಸಿನಿಮಾ ಮಾಡಿದರು, ಅವ್ವ ನೋಡಿರಬಹುದು. ತ್ರಿವೇಣಿ ತೀರಿಕೊಂಡಿದ್ದು 1963ರಲ್ಲಿ, ಹೆರಿಗೆಯಾದ ಸ್ವಲ್ಪ ದಿನಕ್ಕೇ. ಆಗ ಅವರಿಗೆ ಮೂವತ್ತೈದೂ ತುಂಬಿರಲಿಲ್ಲ. ಅಷ್ಟರಲ್ಲಿ ಇಷ್ಟೊಂದು ಬರೆದಿದ್ದರು ಅನ್ನೋದೇ ನನಗೆ ಆಶ್ಚರ್ಯ.

ಆಮೇಲೆ ವಾಣಿ. 'ಶುಭಮಂಗಳ', 'ಎರಡು ಕನಸು', 'ಹೊಸ ಬೆಳಕು' ಅಂದ ಕೂಡಲೇ ಎಲ್ಲರಿಗೂ ಸಿನಿಮಾ ಹಾಡು ನೆನಪಾಗುತ್ತದೆ, ಅದನ್ನು ಬರೆದ ಹೆಂಗಸು ಮಾತ್ರ ಯಾರಿಗೂ ನೆನಪಿಲ್ಲ. ಉಷಾ ನವರತ್ನರಾಂ ಅವರ 'ಹೊಂಬಿಸಿಲು' ಇಬ್ಬರು ಡಾಕ್ಟರುಗಳ ಮದುವೆ ಕಥೆ, ಗಂಡ ಹೆಂಡತಿ ಮಧ್ಯದ ಮುನಿಸು ಓದಲು ಭಾಳ ಮಜಾ. ಅವರದೇ 'ಬಂಧನ' ತರಬೇಡಿ. ಸಿನಿಮಾ ನೋಡಿದವರಿಗೆ ಯಾಕೆ ಅಂತ ಗೊತ್ತು.

ಸಾಯಿಸುತೆ ಅವರದು ನೂರಕ್ಕೂ ಹೆಚ್ಚು ಕಾದಂಬರಿ ಇವೆ. ಖರೇ ಹೇಳಬೇಕೆಂದರೆ ನಾಲ್ಕೈದು ಓದಿದ ಮೇಲೆ ನನಗೆ ಎಲ್ಲಾ ಒಂದೇ ಥರ ಅನ್ನಿಸಿತು. ಆದರೆ ರಾತ್ರಿ ಜೋರಾಗಿ ಓದಲು ಅವರಷ್ಟು ಸಲೀಸು ಯಾರೂ ಇಲ್ಲ. ಮಾತು ಜಾಸ್ತಿ, ವರ್ಣನೆ ಕಡಿಮೆ. ನಾಲಿಗೆ ತಡವರಿಸುವುದಿಲ್ಲ.

ಒಂದು ಉಪಾಯ ಹೇಳುತ್ತೇನೆ. ಲೈಬ್ರರಿ ಪುಸ್ತಕವಾದರೆ ಮೊದಲು ಕೊನೇ ಪುಟ ತೆಗೆಯಿರಿ. ಹಿಂದೆ ಓದಿದವರು ಪೆನ್ಸಿಲ್‌ನಲ್ಲಿ ಬರೆದಿರುತ್ತಾರೆ. ನಾನು ತಂದ ಒಂದರಲ್ಲಿ "ತುಂಬಾ ಚೆನ್ನಾಗಿದೆ, ಎಲ್ಲರೂ ಓದಿ" ಅಂತ ಒಬ್ಬರು, ಅದರ ಕೆಳಗೆ "ಸುಳ್ಳು" ಅಂತ ಇನ್ನೊಬ್ಬರು, ಅದರ ಕೆಳಗೆ "ಕರ್ಚೀಫ್ ಇಟ್ಟುಕೊಳ್ಳಿ" ಅಂತ ಮತ್ತೊಬ್ಬರು ಬರೆದಿದ್ದರು. ಇದಕ್ಕಿಂತ ಒಳ್ಳೆ ವಿಮರ್ಶೆ ನಾನು ಎಲ್ಲೂ ಓದಿಲ್ಲ.

ತೊಗರಿಹೊಲ (ಕಲಬುರಗಿ):

ಥ್ಯಾಂಕ್ಸ್ ತಂಗಿ. ಕರ್ಚೀಫ್ ಅಂತ ಬರೆದಿದ್ದರೆ ತರುವುದಿಲ್ಲ ಬಿಡು.

ಒಂದು ಮಾತು ಕೇಳಲೇ? ಎಂ.ಕೆ. ಇಂದಿರಾ ಅವರದು ಒಂದು ಓದಿದೆವು, ಅವ್ವನಿಗೆ ಹಿಡಿಸಿತು. ಆದರೆ ಮಲೆನಾಡಿನ ಕಥೆ ಅಲ್ವಾ, ಪುಟಕ್ಕೊಂದು ಸಲ ಯಾರೋ ಕಾಫಿ ಕುಡಿಯುತ್ತಾರೆ. ನಾಲ್ಕನೇ ದಿನ ಅವ್ವ ಕೇಳಿದಳು: "ಈ ಮಂದಿಗೆ ಚಹಾ ಸಿಗಂಗಿಲ್ಲೇನು?" ನಾನು ಅಲ್ಲಿಂದ ಕಾಫಿ ಇದ್ದಲ್ಲೆಲ್ಲ ಚಹಾ ಅಂತಲೇ ಓದಿದೆ. ತಪ್ಪಾ?

ಮಾಸ್ತರ ಕಟ್ಟೆ (ಬಸವಕಲ್ಯಾಣ):

ತಪ್ಪೇನಿಲ್ಲ ತಾಯಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವನು ನಾನು, ಮೈಸೂರು ಸೀಮೆಯ ಪಾಠವನ್ನು ನಮ್ಮ ಹುಡುಗರಿಗೆ ಮುಟ್ಟಿಸಲು ಹೀಗೇ ಎಷ್ಟೋ ಸಲ ಕಾಫಿಯನ್ನು ಚಹಾ ಮಾಡಿದ್ದೇನೆ. ಇಂದಿರಾ ಅವರ ವಿಷಯ ಬಂತಲ್ಲ, ಅವರು ಕಾದಂಬರಿ ಬರೆಯಲು ಕೂತಿದ್ದೇ ನಲವತ್ತೈದರ ಆಸುಪಾಸಿನಲ್ಲಿ. ಇದನ್ನು ನಿಮ್ಮ ಅವ್ವಂಗೆ ಹೇಳಿ, ಖುಷಿಪಡುತ್ತಾರೆ. 'ಫಣಿಯಮ್ಮ' ಭಾಳ ಶ್ರೇಷ್ಠ ಪುಸ್ತಕ, ಆದರೆ ಬಾಲವಿಧವೆಯ ಕಥೆ, ಎರಡನೇ ಕಣ್ಣೂ ವಾಸಿಯಾದ ಮೇಲೆ ಓದಿ.

ಈಗ ರಾಜರಾಣಿಯರಿಗೆ ಬರೋಣ. ಐತಿಹಾಸಿಕ ಅಂದರೆ ಎಲ್ಲರೂ ಮೊದಲು ತ.ರಾ.ಸು. ಅನ್ನುತ್ತಾರೆ, ನಾನೂ ಅನ್ನುತ್ತೇನೆ. ಚಿತ್ರದುರ್ಗದ ಪಾಳೆಯಗಾರರ ಮೇಲೆ ಅವರು ಬರೆದಷ್ಟು ಯಾರೂ ಬರೆದಿಲ್ಲ. ಜೋರಾಗಿ ಓದಲಿಕ್ಕೇ ಬರೆದ ಹಾಗಿದೆ ಅವರ ಕನ್ನಡ, ಒಳ್ಳೆ ನಾಟಕದ ಮಾತಿನ ಹಾಗೆ ಬಾಯಿ ತುಂಬುತ್ತದೆ. ಆದರೆ 'ದುರ್ಗಾಸ್ತಮಾನ' ಹೆಸರಲ್ಲೇ ಅಸ್ತಮಾನ ಇದೆ, ಕೋಟೆ ಬೀಳುತ್ತದೆ, ಮದಕರಿ ಹೋಗುತ್ತಾನೆ. ನಿಮ್ಮ ಷರತ್ತಿಗೆ ಆಗುವುದಿಲ್ಲ. ಅವರ 'ನೃಪತುಂಗ' ಸಿಕ್ಕರೆ ನೋಡಿ. ಸೇಡಂ ತಂಗಿ, ಅದು ನಿಮ್ಮ ಮಳಖೇಡದ ದೊರೆ! ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅಂದರೆ ನಿಮ್ಮ ಕಾಗಿಣಾ ದಂಡೆಯೇ, ಮರೆಯಬೇಡಿ.

ಪ್ರೀತಿ, ಇತಿಹಾಸ ಎರಡೂ ಬೇಕು ಅಂದರೆ ದೇವುಡು ಅವರ 'ಮಯೂರ'. ಕದಂಬರ ಹುಡುಗ ಪಲ್ಲವರ ಮೇಲೆ ಎದ್ದು ನಿಂತು ರಾಜ್ಯ ಕಟ್ಟುವ ಕಥೆ. 1975ರ ರಾಜಕುಮಾರ್ ಸಿನಿಮಾ ಇದರಿಂದಲೇ ಬಂದಿದ್ದು. ಗೆಲ್ಲುವ ಕಥೆ, ಅಳು ಇಲ್ಲ. ಶಾಂತಲೆಯ ಮೇಲೆ ಎರಡು ಕಾದಂಬರಿ ಹೆಸರುವಾಸಿ: ಕೆ.ವಿ. ಅಯ್ಯರ್ ಅವರ 'ಶಾಂತಲಾ', ಸಿ.ಕೆ. ನಾಗರಾಜರಾವ್ ಅವರ 'ಪಟ್ಟಮಹಿಷಿ ಶಾಂತಲಾದೇವಿ'. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ಮನುಷ್ಯ. ದಿನವೆಲ್ಲ ಹುಡುಗರ ತೋಳು ಎದೆ ಗಟ್ಟಿ ಮಾಡಿಸುತ್ತಿದ್ದವರು ಇಷ್ಟು ಮೃದುವಾಗಿ ಹೇಗೆ ಬರೆದರೋ. ನಾಗರಾಜರಾವ್ ಅವರದು ಸಂಪುಟಗಟ್ಟಲೆ ಇದೆ, ಎರಡನೇ ಕಣ್ಣಿನ ಆಪರೇಷನ್ನಿಗೂ ಸಾಲುತ್ತದೆ. ಆದರೆ ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡಳು ಅಂತ ಶಾಸನವೇ ಇದೆ. ಯಾರು ಬರೆದರೂ ಅವಳನ್ನು ಉಳಿಸಿಕೊಳ್ಳಲಿಕ್ಕೆ ಆಗುವುದಿಲ್ಲ, ಅಷ್ಟು ನೆನಪಿರಲಿ.

ನಮ್ಮೂರಿನದು ಹೇಳದಿದ್ದರೆ ಹೇಗೆ? ಬಿ. ಪುಟ್ಟಸ್ವಾಮಯ್ಯ ಅಂತ, ಬೆಂಗಳೂರಿನವರು, ಪತ್ರಕರ್ತರು, ನಾಟಕಕಾರರು. ಹನ್ನೆರಡನೇ ಶತಮಾನದ ಕಲ್ಯಾಣದ ಮೇಲೆ, ಅಂದರೆ ನಾನು ಕೂತು ಟೈಪ್ ಮಾಡುತ್ತಿರುವ ಈ ಊರಿನ ಮೇಲೆ, ಆರು ಕಾದಂಬರಿ ಬರೆದರು. 'ಉದಯರವಿ'ಯಿಂದ ಶುರು, 'ಕ್ರಾಂತಿಕಲ್ಯಾಣ'ಕ್ಕೆ ಮುಕ್ತಾಯ. ಕೊನೆಯದಕ್ಕೆ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬಸವಣ್ಣ, ಬಿಜ್ಜಳ, ಅರಮನೆ ಒಳಸಂಚು ಎಲ್ಲಾ ಇದೆ. ಇವತ್ತು ನಮ್ಮ ಊರಲ್ಲೇ ಈ ಹೆಸರು ಕೇಳಿದವರು ಕಡಿಮೆ. ನಾನು ರಿಟೈರ್ ಆದ ವರ್ಷ ಸಂಜೆ ತ್ರಿಪುರಾಂತಕ ಕೆರೆ ಕಡೆ ವಾಕಿಂಗ್ ಹೋಗಿ, ಬಂದು ಒಂದೊಂದು ಅಧ್ಯಾಯ ಓದುತ್ತಿದ್ದೆ. ದಿನಾ ನಡೆಯುವ ದಾರಿಯೇ ಪುಸ್ತಕದಲ್ಲಿ ಬಂದರೆ ಆ ಓದಿನ ರುಚಿಯೇ ಬೇರೆ. ಕೊನೆ ಭಾಗ ಭಾರ ಇದೆ, ಹರಳಯ್ಯ ಮಧುವರಸರಿಗೆ ಏನಾಯಿತು ಅಂತ ನಿಮಗೂ ಗೊತ್ತು. ಹಾಗಾಗಿ ಮೊದಲ ನಾಲ್ಕು ಈಗ, ಉಳಿದದ್ದು ನಿಧಾನಕ್ಕೆ.

ಗಳಗನಾಥರನ್ನೂ ಹೇಳಬೇಕಿತ್ತು. ಪುಸ್ತಕದ ಗಂಟು ತಲೆ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು, ಕನ್ನಡಕ್ಕೆ ಓದುಗರನ್ನು ಹುಟ್ಟಿಸಿದವರು. ಆದರೆ ಅದು ಹಳೇ ಕಾಲದ ಕನ್ನಡ, ಕೇಳುತ್ತಾ ಕೂತವರಿಗೆ ನಿದ್ದೆ ಬಂದೀತು.

ಏಳು ಬಾಗಿಲು (ಸುರಪುರ):

ಮಾಸ್ತರ್ ಸರ್ ಊರಿನ ಪುಸ್ತಕ ಅಂದರು, ನಾನೂ ನಮ್ಮೂರಿನ ಕಾದಂಬರಿಕಾರನನ್ನು ಹೇಳಿಬಿಡುತ್ತೇನೆ. ಹೆಸರು ಫಿಲಿಪ್ ಮೆಡೋಸ್ ಟೇಲರ್. ನಿಜಾಮರ ಚಾಕರಿಯಲ್ಲಿದ್ದ ಇಂಗ್ಲಿಷಿನವ. 1841ರಿಂದ ಹತ್ತು ವರ್ಷಕ್ಕೂ ಜಾಸ್ತಿ ಸುರಪುರದ ಆಡಳಿತ ನೋಡಿದ. ಅವನ ಬಂಗಲೆ ಗುಡ್ಡದ ಮೇಲೆ ಇವತ್ತಿಗೂ ಇದೆ, ನಾವೆಲ್ಲ ಟೇಲರ್ ಮಂಜಿಲ್ ಅನ್ನುತ್ತೇವೆ. ಚಿಕ್ಕವರಿದ್ದಾಗ ಪಿಕ್ನಿಕ್ಕಿಗೆ ಹೋಗಿ ಅಲ್ಲಿ ಬುತ್ತಿ ಬಿಚ್ಚಿದವರೇ ಎಲ್ಲರೂ. ಅಂವ ಕಾದಂಬರಿ ಬರೆದಿದ್ದ ಅಂತ ನನಗೆ ಗೊತ್ತಾಗಿದ್ದು ಡಿಗ್ರಿ ಮುಗಿದ ಮೇಲೆ. ನಾಚಿಕೆಯಾಯಿತು.

ಮೂರು ಕಾದಂಬರಿಯನ್ನು ಅಂವ ನೂರು ನೂರು ವರ್ಷದ ಅಂತರದಲ್ಲಿ ಜೋಡಿಸಿದ್ದಾನೆ. 'ತಾರಾ' 1657ರ ಕಾಲದ್ದು, 'ರಾಲ್ಫ್ ಡಾರ್ನೆಲ್' 1757ರ ಪ್ಲಾಸಿ ಕದನದ ಕಾಲದ್ದು, 'ಸೀತಾ' 1857ರ ದಂಗೆಯದು. 'ತಾರಾ' ನಿಮಗೆ ಸರಿಹೋಗುತ್ತದೆ ಅಕ್ಕಾ. ತುಳಜಾಪುರದ ಬ್ರಾಹ್ಮಣರ ಎಳೆ ವಯಸ್ಸಿನ ವಿಧವೆ ತಾರಾ, ವಿಜಾಪುರದ ಅಫಜಲ್ ಖಾನನ ಮಗ ಫಾಜಿಲ್. ಶಿವಾಜಿ ಕಾಲದ ಗದ್ದಲದ ನಡುವೆ ಇವರಿಬ್ಬರ ಪ್ರೀತಿ, ಕೊನೆಗೆ ಮದುವೆಯೂ ಆಗುತ್ತದೆ. 1863ರಲ್ಲಿ ಇಂಥದ್ದನ್ನು ಬರೆದಿದ್ದಾನೆ ನೋಡಿ. ತುಳಜಾಪುರ ಅಂದರೆ ನಮ್ಮ ಭಾಗದ ಅರ್ಧ ಮಂದಿಗೆ ಮನೆದೇವರು, ಅವ್ವಂಗೆ ಊರು ಕಣ್ಣ ಮುಂದೆ ಬರುತ್ತದೆ. 'ಸೀತಾ' ಬೇಡ, ಕೊನೆಗೆ ಅವಳು ಸಾಯುತ್ತಾಳೆ.

ತೊಡಕು ಅಂದರೆ ಇದು ಹಳೇ ಇಂಗ್ಲಿಷು, ದಪ್ಪ ಪುಸ್ತಕ. ನೀವು ಹಗಲು ಓದಿಕೊಂಡು ರಾತ್ರಿ ನಮ್ಮ ಭಾಷೆಯಲ್ಲಿ ಕಥೆ ಹೇಳಬೇಕು. ಇನ್ನೊಂದು, ಎಷ್ಟಾದರೂ ಅಂವ ಆಳುವವರ ಕಡೆಯವ. ನಮ್ಮ ದೊರೆ ವೆಂಕಟಪ್ಪ ನಾಯಕನನ್ನು ಚಿಕ್ಕಂದಿನಿಂದ ನೋಡಿಕೊಂಡವ, ಹುಡುಗ ಅವನನ್ನು "ಅಪ್ಪಾ" ಅಂತಲೇ ಕರೆಯುತ್ತಿದ್ದ. ಅದೇ ಹುಡುಗ ದೊಡ್ಡವನಾಗಿ ಬ್ರಿಟಿಷರ ಮೇಲೆ ತಿರುಗಿಬಿದ್ದು 1858ರಲ್ಲಿ ಸತ್ತ. ಟೇಲರ್ ತನ್ನ ಆತ್ಮಕಥೆಯಲ್ಲಿ ಅದನ್ನು ಭಾಳ ಮರುಗಿ ಬರೆದಿದ್ದಾನೆ. ನಮ್ಮೂರ ಹಿರಿಯರು ಅದೇ ಕಥೆಯನ್ನು ಬೇರೆ ಥರ ಹೇಳುತ್ತಾರೆ. ನನಗೆ ಎರಡೂ ಬೇಕು.

ಕಾಗಿಣಾ ದಂಡೆ (ಸೇಡಂ):

ಇದು ನನಗೆ ಗೊತ್ತೇ ಇರಲಿಲ್ಲ ಅಣ್ಣಾ! ಇನ್ನು ಹೊಸಬರಲ್ಲಿ ವಸುಧೇಂದ್ರ ಅವರ 'ತೇಜೋ ತುಂಗಭದ್ರಾ' ಎಲ್ಲರೂ ಹೇಳುತ್ತಾರೆ. 2019ರದ್ದು. ಲಿಸ್ಬನ್ನಿನಿಂದ ವಿಜಯನಗರದವರೆಗೆ ಕಥೆ, ಪ್ರೀತಿಯೂ ಇದೆ. ನನಗೆ ಭಾಳ ಇಷ್ಟ. ಆದರೆ ಹಿಂಸೆಯ ಸನ್ನಿವೇಶ ಓದಿ ನಾನೇ ಪುಸ್ತಕ ಮುಚ್ಚಿ ಹೊರಗೆ ಹೋಗಿ ನಿಂತಿದ್ದೆ. ಅಕ್ಕಾ, ಅದನ್ನು ನೀವೊಬ್ಬರೇ ಓದಿ.

ಮತ್ತೆ ಚಹಾ ಕುಡಿಯುವ ಮಂದಿಯ ಕಥೆ ಬೇಕು ಅಂದರೆ ಗೀತಾ ನಾಗಭೂಷಣ ಅವರ ಪುಸ್ತಕಗಳು ಇವೆಯಲ್ಲ. 2020ರಲ್ಲಿ ತೀರಿಕೊಂಡರು. ನಮ್ಮ ಕಲಬುರಗಿಯವರು, ನಮ್ಮದೇ ಮಾತು. 'ಬದುಕು' ಕಾದಂಬರಿಗೆ 2004ರಲ್ಲಿ ಅಕಾಡೆಮಿ ಪ್ರಶಸ್ತಿ ಬಂದಿದೆ. ಆದರೆ ಅದು ನೀವು ಕೇಳಿದ ಥರದ್ದಲ್ಲ. ಬಡ ಹೆಣ್ಣುಮಕ್ಕಳ ಕಷ್ಟ, ಬೈಗುಳ ಎಲ್ಲಾ ಇದ್ದ ಹಾಗೇ ಇದೆ. ಅಪ್ಪಾಜಿ ಪೇಪರ್ ಎತ್ತಿದವರು ಇಳಿಸಲಿಕ್ಕಿಲ್ಲ.

ತೊಗರಿಹೊಲ (ಕಲಬುರಗಿ):

ಹದಿನೈದು ದಿನ ಆಯಿತು, ಏನಾಯಿತು ಅಂತ ಹೇಳಲು ಬಂದೆ.

'ಬೆಳ್ಳಿ ಮೋಡ' ಮುಗಿಯಿತು. ಲೈಬ್ರರಿ ಪ್ರತಿ, ಕೊನೇ ಪುಟದಲ್ಲಿ ಯಾರೋ "ಶಭಾಷ್ ಇಂದಿರಾ" ಅಂತ ಬರೆದಿದ್ದರು, ಆ ಧೈರ್ಯದ ಮೇಲೆ ತಂದೆ. ಕೊನೆಯ ಅಧ್ಯಾಯ ಓದುವಾಗ ನಾನು ಅವ್ವನ ಕೈ ಕಡೆಯೇ ನೋಡುತ್ತಿದ್ದೆ, ಎಲ್ಲಿ ಕಣ್ಣಿಗೆ ಹೋಗುತ್ತೋ ಅಂತ. ಹೋಗಲಿಲ್ಲ. "ಛಲೋ ಮಾಡಿದಳು" ಅಂದು ಎದ್ದು ಚಹಾಕ್ಕೆ ಇಟ್ಟಳು. ಅತ್ತಿದ್ದು ಪಕ್ಕದ ಮನೆ ಕಾಕು. ಅವರ ಕಣ್ಣಿಗೆ ಏನೂ ಆಗಿಲ್ಲ, ಅಳಲಿ ಬಿಡಿ.

ಮರುದಿನ ಬೆಳಿಗ್ಗೆ ಅಪ್ಪಾಜಿ ಬೂಟು ಹಾಕಿಕೊಳ್ಳುತ್ತಾ, ನನ್ನ ಕಡೆ ನೋಡದೇ ಕೇಳಿದರು: "ಆ ಹುಡುಗ ಮುಂದ ಏನಾದ?" ಯಾವ ಹುಡುಗ ಅಂದೆ. "ಅವನೇ, ಫಾರಿನ್ನಿಗೆ ಹೋಗಿದ್ದನಲ್ಲ."

ಈಗ 'ಮಯೂರ' ಶುರು ಮಾಡಿದ್ದೇವೆ. ಅಪ್ಪಾಜಿ ಪೇಪರನ್ನು ಟೇಬಲ್ ಮೇಲೆ ಬಿಟ್ಟು ಬಂದು ಕೂರುತ್ತಾರೆ. ಮಾಸ್ತರ್ ಸರ್, 'ಉದಯರವಿ' ಇಲ್ಲಿ ಎರಡು ಕಡೆ ಕೇಳಿದೆ, ಸಿಗಲಿಲ್ಲ. ನಿಮ್ಮ ಹತ್ತಿರ ಪ್ರತಿ ಇದ್ದರೆ ಒಂದು ತಿಂಗಳ ಮಟ್ಟಿಗೆ ಕೊಡುತ್ತೀರಾ? ಮುಂದಿನ ವಾರ ಬೀದರಿಗೆ ಮದುವೆಗೆ ಹೋಗುವುದಿದೆ, ಬರುವಾಗ ಬಸವಕಲ್ಯಾಣದಲ್ಲಿ ಇಳಿಯುತ್ತೇನೆ.

ಮಾಸ್ತರ ಕಟ್ಟೆ (ಬಸವಕಲ್ಯಾಣ):

ಇದೆ ತಾಯಿ, ಬನ್ನಿ. ಹೊದಿಕೆ ಹರಿದಿದೆ, ನಾನೇ ಕ್ಯಾಲೆಂಡರ್ ಹಾಳೆ ಸುತ್ತಿದ್ದೇನೆ. ಕೊನೇ ಪುಟದಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದೂ ನಾನೇ, ಅದನ್ನು ಮೊದಲೇ ಓದಬೇಡಿ.