ಟೈಪ್ ಮಾಡ್ತಾ ಮಾಡ್ತಾನೇ ಆಡಿಯೋ ನಿಲ್ಸೋಕೆ, ಹಿಂದಕ್ಕೆ ಎಳಿಯೋಕೆ ನೀವೆಲ್ಲ ಯಾವ ಕೀ ಇಟ್ಕೊಂಡಿದೀರಿ?

ಪ್ರಶ್ನೆ ಕೇಳಿದವರು:
ತಾತನ ಹರಿಕಥೆ ಕ್ಯಾಸೆಟ್‌ಗಳನ್ನ ಎಂಪಿ3 ಮಾಡಿಸಿ ಇಟ್ಕೊಂಡಿದೀನಿ, ಈಗ ಕೇಳ್ಕೊಂಡು ವರ್ಡ್‌ನಲ್ಲಿ ನುಡಿ (ಕನ್ನಡ ಟೈಪಿಂಗ್ ಸಾಫ್ಟ್‌ವೇರ್) ಹಾಕ್ಕೊಂಡು ಟೈಪ್ ಮಾಡ್ತಿದೀನಿ. ತೊಂದರೆ ಏನಂದ್ರೆ ಒಂದೊಂದು ಸಾಲಿಗೂ ವರ್ಡ್ ಬಿಟ್ಟು ವಿಎಲ್‌ಸಿ ಪ್ಲೇಯರ್‌ಗೆ ಹೋಗಿ, ಪಾಸ್ ಒತ್ತಿ, ಮೌಸಲ್ಲಿ ಸ್ವಲ್ಪ ಹಿಂದಕ್ಕೆ ಎಳ್ದು, ಮತ್ತೆ ವರ್ಡ್‌ಗೆ ಬಂದು... ಮಣಿಕಟ್ಟು ನೋಯ್ತಿದೆ. ವಿಂಡೋಸ್ ಲ್ಯಾಪ್‌ಟಾಪು, ಪಕ್ಕದಲ್ಲಿ ನಂಬರ್‌ಪ್ಯಾಡ್ ಇಲ್ಲ. ಕೀಬೋರ್ಡಲ್ಲೇ ಮುಗಿಯೋ ದಾರಿ ಇದ್ರೆ ಹೇಳಿ, ದುಡ್ಡು ಕೊಟ್ಟು ತಗೊಳ್ಳೋದು ಬೇಡ.

ಬೆಂಗಳೂರಿಂದ:
ವಿಎಲ್‌ಸಿನೇ ಸಾಕು, ಬೇರೆ ಏನೂ ಹಾಕ್ಬೇಡಿ. ಸ್ಪೇಸ್ ಒತ್ತಿದ್ರೆ ನಿಲ್ಲುತ್ತೆ, ಎನ್ ಒತ್ತಿದ್ರೆ ಮುಂದಿನ ಹಾಡು ಅನ್ನೋದು ಎಲ್ರಿಗೂ ಗೊತ್ತು, ಆದ್ರೆ ಅವೆಲ್ಲ ವಿಎಲ್‌ಸಿ ಕಿಟಕಿ ಮುಂದೆ ಇದ್ದಾಗ ಮಾತ್ರ. ನಿಮಗೆ ಬೇಕಿರೋದು ಗ್ಲೋಬಲ್ ಹಾಟ್‌ಕೀ, ಅಂದ್ರೆ ಪ್ಲೇಯರ್ ಹಿಂದೆ ಅವಿತುಕೊಂಡಿದ್ರೂ ಕೇಳಿಸ್ಕೊಳ್ಳೋ ಕೀ. ಟೂಲ್ಸ್, ಪ್ರಿಫರೆನ್ಸಸ್, ಹಾಟ್‌ಕೀಸ್‌ಗೆ ಹೋಗಿ, ಅಲ್ಲಿ ಎರಡು ಕಾಲಂ ಇರುತ್ತೆ, ಮೊದಲನೇದು ಮಾಮೂಲಿ, ಎರಡನೇದರ ಮೇಲೆ ಗ್ಲೋಬಲ್ ಅಂತ ಬರ್ದಿರುತ್ತೆ, ಬಹಳ ಜನ ಆ ಎರಡನೇ ಕಾಲಂ ನೋಡಿರೋದೇ ಇಲ್ಲ. ಅದರ ಮೇಲೆ ಡಬಲ್ ಕ್ಲಿಕ್ ಮಾಡಿ ಬೇಕಾದ ಕೀ ಒತ್ತಿ, ಸೇವ್ ಮಾಡಿ, ವಿಎಲ್‌ಸಿ ಒಂದ್ಸಲ ಮುಚ್ಚಿ ತೆಗೀರಿ.

ನಾನು ಇಟ್ಕೊಂಡಿರೋದು ಕಂಟ್ರೋಲ್ ಆಲ್ಟ್ ಜೊತೆ ಜೆ, ಕೆ, ಎಲ್. ಯೂಟ್ಯೂಬಲ್ಲಿ ಕೆ ಒತ್ತಿದ್ರೆ ನಿಲ್ಲುತ್ತಲ್ಲ, ಜೆ ಹತ್ತು ಸೆಕೆಂಡ್ ಹಿಂದೆ, ಎಲ್ ಹತ್ತು ಸೆಕೆಂಡ್ ಮುಂದೆ, ಅದೇ ಅಭ್ಯಾಸ ಇಲ್ಲೂ ನಡೆಯುತ್ತೆ, ಹೊಸದಾಗಿ ಬೆರಳಿಗೆ ಕಲಿಸೋದೇನಿಲ್ಲ. ಆದ್ರೆ ಜೆಗೆ ಹತ್ತು ಸೆಕೆಂಡಿನ ಜಂಪ್ ಕೊಡ್ಬೇಡಿ, ‘ವೆರಿ ಶಾರ್ಟ್’ ಅಂತ ಇರುತ್ತೆ, ಅದು ಮೂರು ಸೆಕೆಂಡು. ಟೈಪ್ ಮಾಡೋರಿಗೆ ಅದೇ ಸರಿ. ಮೂರು ಸಾಲದು ಅನ್ಸಿದ್ರೆ ಪ್ರಿಫರೆನ್ಸಸ್ಸಲ್ಲಿ ಕೆಳಗಡೆ ‘ಆಲ್’ ಆರಿಸಿ ಹಾಟ್‌ಕೀಸ್ ಭಾಗದಲ್ಲಿ ಐದು ಮಾಡ್ಕೋಬಹುದು.

ಹೆಸರು ಬೇಡ, ಬರೀ ಓದೋನು:
ಲ್ಯಾಪ್‌ಟಾಪ್ ಮೇಲ್ಗಡೆ ಸಾಲಲ್ಲಿ ಪ್ಲೇ ಪಾಸ್ ಚಿತ್ರ ಇರೋ ಕೀ ಇರುತ್ತಲ್ಲ, ಎಫ್‌ಎನ್ ಜೊತೆ ಒತ್ತಿದ್ರೆ ಆಯ್ತಪ್ಪ, ಇಷ್ಟಕ್ಕೆ ಇಷ್ಟು ದೊಡ್ಡ ಸೆಟ್ಟಿಂಗ್ ಯಾಕೆ?

ಮಂಗಳೂರಿಂದ:
ಮಾರಾಯ್ರೆ, ಆ ಕೀಯಲ್ಲಿ ನಿಲ್ಲಿಸ್ಲಿಕ್ಕೆ ಆಗ್ತದೆ, ಹಿಂದಿನ ಹಾಡಿಗೆ ಹೋಗ್ಲಿಕ್ಕೆ ಆಗ್ತದೆ, ಮೂರು ಸೆಕೆಂಡ್ ಹಿಂದೆ ಹೋಗ್ಲಿಕ್ಕೆ ಎಲ್ಲಿ ಆಗ್ತದೆ? ಹಾಡು ಕೇಳುವವರಿಗೆ ಅದು ಸಾಕು. ಕೇಳಿ ಬರೆಯುವವರಿಗೆ ಪಾಸ್‌ಗಿಂತ ಹಿಂದಕ್ಕೆ ಹೋಗುವ ಕೀ ಮುಖ್ಯ, ಎರಡು ಗಂಟೆಯ ಫೈಲಿನಲ್ಲಿ ಅರ್ಧ ದಾರಿಗೆ ಬಂದಾಗ ಗೊತ್ತಿಲ್ಲದೆ ‘ಪ್ರೀವಿಯಸ್’ ಒತ್ತಿದರೆ ಪುನಃ ಶುರುವಿಗೆ ಹೋಗಿ ಕೂತ್ಕೊಳ್ತದೆ, ಆಮೇಲೆ ಹುಡುಕಿ.

ನಾನು ತಾಳಮದ್ದಳೆ ರೆಕಾರ್ಡಿಂಗ್ ಬರೆದು ಇಳಿಸುವವ. ಅರ್ಥ ಹೇಳುವವರು ಓಡ್ತಾರೆ ಗೊತ್ತುಂಟಲ್ಲ, ಒಬ್ಬರ ಮಾತು ಮುಗಿಯುವ ಮೊದಲೇ ಎದುರಿನವರದ್ದು ಶುರು. ಹಾಗಾಗಿ ನನಗೆ ವೇಗ ತಗ್ಗಿಸುವ ಕೀ ಇಲ್ಲದೆ ಆಗುವುದೇ ಇಲ್ಲ. ವಿಎಲ್‌ಸಿಯಲ್ಲಿ ಚೌಕ ಬ್ರಾಕೆಟ್ ಎರಡು ಉಂಟಲ್ಲ, ಎಡದ್ದು ಒತ್ತಿದರೆ ಸ್ವಲ್ಪ ನಿಧಾನ, ಬಲದ್ದು ಒತ್ತಿದರೆ ಸ್ವಲ್ಪ ಜೋರು, ಸಮ ಚಿಹ್ನೆ ಒತ್ತಿದರೆ ಮೊದಲಿನ ವೇಗ. ಸ್ವರ ಕೆಳಗೆ ಇಳಿಯುವುದಿಲ್ಲ, ವೇಗ ಮಾತ್ರ ಇಳಿಯುವುದು, ಹಾಗಾಗಿ ಭಾಗವತರ ಪದ್ಯ ಕೂಡ ಕೇಳ್ಲಿಕ್ಕೆ ಕರ್ಕಶ ಆಗುವುದಿಲ್ಲ. 0.8ಕ್ಕೆ ಇಟ್ಟರೆ ಬೆರಳಿಗೂ ಮಾತಿಗೂ ಹೊಂದಿಕೆ ಆಗ್ತದೆ. ಹರಿಕಥೆಗೂ ಅದೇ ಸಾಕು ಅಂತ ಕಾಣ್ತದೆ. ಇದನ್ನೂ ಗ್ಲೋಬಲ್ ಕಾಲಂನಲ್ಲಿ ಹಾಕಬಹುದು, ಆದರೆ ಒಮ್ಮೆ ಸೆಟ್ ಮಾಡಿದರೆ ಮತ್ತೆ ಮತ್ತೆ ಬೇಡವಲ್ಲ, ನಾನು ಹಾಕಿಲ್ಲ.

ಧಾರವಾಡದಿಂದ:
ಯಾವ ಕೀ ಅನ್ನೋದರಾಗ ಎಲ್ಲಾ ಅದ ರೀ. ಗ್ಲೋಬಲ್ ಅಂತ ಒಮ್ಮೆ ಕೊಟ್ರ ಆ ಕೀ ಉಳಿದ ಯಾವ ಪ್ರೋಗ್ರಾಮಿಗೂ ಸಿಗಂಗಿಲ್ಲ, ಪ್ಲೇಯರ್ ಓಡೂತನಾ ಅದು ಪ್ಲೇಯರಿಂದೇ. ಹಂಗಾಗಿ ಇವನ್ನ ಮುಟ್ಟಬ್ಯಾಡ್ರಿ. ಸ್ಕ್ರೋಲ್ ಲಾಕ್ ಹೆಂಗೂ ಖಾಲಿ ಬಿದ್ದದ ಅಂತ ಎಲ್ಲಾರೂ ಹೇಳ್ತಾರ, ಇಂಗ್ಲಿಷ್ ಸಲಹೆಗಳನ್ಯಾಗೂ ಅದನ್ನ ಬರದಿರ್ತಾರ, ಖರೆ ನುಡಿಯೊಳಗ ಕನ್ನಡ ಇಂಗ್ಲಿಷ್ ಬದಲಿ ಮಾಡೋದು ಅದರಿಂದನ, ಅವರಿಗೇನ್ ಗೊತ್ರಿ ಅದು. ಆಮ್ಯಾಲೆ ಎಫ್7 ಕೊಟ್ರ ವರ್ಡಿನ ಸ್ಪೆಲ್ಲಿಂಗ್ ಚೆಕ್ ಹೋತು, ಎಫ್12 ಕೊಟ್ರ ಸೇವ್ ಆ್ಯಸ್ ಹೋತು. ಆಲ್ಟ್ ಶಿಫ್ಟ್ ಜೋಡಿ ವಿಂಡೋಸಿನ್ಯಾಗ ಭಾಷೆ ಬದಲಿಗೆ ಇರ್ತದ. ಕಂಟ್ರೋಲ್ ಆಲ್ಟ್ ಜೋಡಿ ಬಾಣದ ಕೀ ಅಂತೂ ಬ್ಯಾಡೇ ಬ್ಯಾಡ, ಹಳೇ ಇಂಟೆಲ್ ಗ್ರಾಫಿಕ್ಸ್ ಇರೋ ಲ್ಯಾಪ್‌ಟಾಪಿನ್ಯಾಗ ಸ್ಕ್ರೀನೇ ತಲಿಕೆಳಗ ಆಗ್ತದ, ನಮ್ಮ ಆಫೀಸಿನ್ಯಾಗ ಒಬ್ರು ಮಾನಿಟರ್ ಕೆಟ್ಟದ ಅಂತ ರಿಪೇರಿಯವ್ರನ್ನ ಕರಸಿದ್ರು!

ಬೆಂಗಳೂರಿನವ್ರು ಹೇಳಿದ ಕಂಟ್ರೋಲ್ ಆಲ್ಟ್ ಜೆ, ಕೆ, ಎಲ್ ಛಲೋ ಅದಾವ. ಒಂದು ಮಾತ್ರ ಲಕ್ಷ್ಯದಾಗ ಇರ್ಲಿ, ಬಲಗಡೆ ಆಲ್ಟ್‌ಜಿಆರ್ ಕೀ ಅದಲ್ಲ, ವಿಂಡೋಸಿಗೆ ಅದೂ ಕಂಟ್ರೋಲ್ ಆಲ್ಟೂ ಒಂದ. ಇಂಗ್ಲಿಷ್ ಇಂಡಿಯಾ ಲೇಔಟಿನ್ಯಾಗ ಆಲ್ಟ್‌ಜಿಆರ್ ಮತ್ತ 4 ಒತ್ತಿದ್ರ ₹ ಬರ್ತದ. ಕಂಟ್ರೋಲ್ ಆಲ್ಟ್ 4 ಅನ್ನ ಪ್ಲೇಯರಿಗೆ ಕೊಟ್ರೋ, ರೂಪಾಯಿ ಬರೂದು ನಿಂತ್ಹೋಗ್ತದ, ಹಾಡು ಶುರು ಆಗ್ತದ.

ಕೇಳಿಯೇ ಓದುವವನು:
ನಾನು ಎನ್‌ವಿಡಿಎ (ಪರದೆ ಮೇಲಿರೋದನ್ನ ಓದಿ ಹೇಳೋ ಸ್ಕ್ರೀನ್ ರೀಡರ್) ಬಳಸ್ತೀನಿ, ಕಣ್ಣು ಕಾಣೋದಿಲ್ಲ, ಹಾಗಾಗಿ ಮೌಸ್ ಅನ್ನೋದು ನಂಗೆ ಇಲ್ಲವೇ ಇಲ್ಲ, ನಮ್ಮಂಥವರಿಗೆ ಈ ಪ್ರಶ್ನೆ ದಿನಾ ಇರೋದೇ. ನನ್ನ ಓಟು ಫೂಬಾರ್2000 ಅನ್ನೋ ಆಡಿಯೋ ಪ್ಲೇಯರಿಗೆ. ಫೈಲ್, ಪ್ರಿಫರೆನ್ಸಸ್, ಕೀಬೋರ್ಡ್ ಶಾರ್ಟ್‌ಕಟ್ಸ್, ಅಲ್ಲಿ ಆ್ಯಡ್ ನ್ಯೂ ಒತ್ತಿ, ಪಟ್ಟಿಯಲ್ಲಿ ಪ್ಲೇಬ್ಯಾಕ್ ಒಳಗೆ ಸೀಕ್ ಅಂತ ಇದೆ, ಒಂದು ಸೆಕೆಂಡ್ ಹಿಂದೆ, ಐದು, ಹತ್ತು, ಮೂವತ್ತು, ನಿಮಿಷದ ಲೆಕ್ಕದಲ್ಲೂ ಇದೆ, ಬೇಕಾದ್ದು ಆರಿಸಿ ಕೀ ಒತ್ತಿ ‘ಗ್ಲೋಬಲ್ ಹಾಟ್‌ಕೀ’ ಚೌಕಕ್ಕೆ ಟಿಕ್ ಹಾಕಿ. ಪೂರ್ತಿ ಕೀಬೋರ್ಡಿನಲ್ಲೇ ಮಾಡಿ ಮುಗಿಸಬಹುದು, ಎಲ್ಲೂ ಸಿಕ್ಕಿ ಹಾಕ್ಕೊಳ್ಳೋದಿಲ್ಲ. ಮಂಗಳೂರಿನವರಿಗೆ ಮಾತ್ರ ಒಗ್ಗೋದಿಲ್ಲ, ವೇಗ ತಗ್ಗಿಸೋಕೆ ಬೇರೆ ಕಾಂಪೊನೆಂಟ್ ಹಾಕ್ಕೋಬೇಕು.

ನನಗೆ ಇಷ್ಟ ಆಗಿರೋದು ಇನ್ನೊಂದು: ಫೂಬಾರ್ ಕಿಟಕಿಯಲ್ಲಿದ್ದಾಗ ಕಂಟ್ರೋಲ್ ಶಿಫ್ಟ್ ಇ ಒತ್ತಿದ್ರೆ ಎಷ್ಟು ಹೊತ್ತು ಆಗಿದೆ ಅಂತ ಎನ್‌ವಿಡಿಎ ಓದುತ್ತೆ, ಆರ್ ಒತ್ತಿದ್ರೆ ಎಷ್ಟು ಉಳಿದಿದೆ ಅಂತ. ಬರಹದ ಪಕ್ಕ ಸಮಯ ಹಾಕೋಕೆ ಬಹಳ ಅನುಕೂಲ.

ನಂಬರ್‌ಪ್ಯಾಡ್ ಇಟ್ಕೊಳ್ಳಿ ಅಂತ ಇಷ್ಟರಲ್ಲೇ ಯಾರಾದ್ರೂ ಹೇಳ್ತಾರೆ, ನಮಗೆ ಅದು ಬರೋದಿಲ್ಲ, ಎನ್‌ವಿಡಿಎ ಡೆಸ್ಕ್‌ಟಾಪ್ ಲೇಔಟಿನಲ್ಲಿ ಸಾಲು, ಪದ, ಅಕ್ಷರ ಓದಿಸೋ ಕೆಲಸವೆಲ್ಲ ನಂಬರ್‌ಪ್ಯಾಡಿನದ್ದೇ.

ಶಿವಮೊಗ್ಗದಿಂದ:
ನಂಬರ್‌ಪ್ಯಾಡ್ ಹೇಳೋಕೇ ಬಂದಿದ್ದೆ ಮಾರಾಯ್ರೆ 😄 ವಿನಾಂಪ್ ಕಾಲದವ್ರು ಯಾರೂ ಇಲ್ವ ಇಲ್ಲಿ? ಝಡ್, ಎಕ್ಸ್, ಸಿ, ವಿ, ಬಿ ಅಂತ ಕೆಳಗಿನ ಸಾಲಲ್ಲಿ ಹಿಂದೆ, ಪ್ಲೇ, ಪಾಸ್, ಸ್ಟಾಪ್, ಮುಂದೆ, ಜೆ ಒತ್ತಿದ್ರೆ ಹಾಡು ಹುಡುಕೋದು. 1997ರ ಪ್ಲೇಯರ್, ಅಷ್ಟು ಚೆಂದದ ಕೀ ಜೋಡಣೆ ಆಮೇಲೆ ಯಾರೂ ಮಾಡಿಲ್ಲ. ಪ್ರಶ್ನೆಗೆ ಇದ್ರಿಂದ ಪ್ರಯೋಜನ ಇಲ್ಲ, ಸುಮ್ನೆ ನೆನಪಾಯ್ತು.

ಲಿನಕ್ಸ್ ಹುಚ್ಚು:
ಕೇಳಿದವ್ರದ್ದು ವಿಂಡೋಸ್ ಅಂತ ಗೊತ್ತು, ಮುಂದೆ ಯಾರಾದ್ರೂ ಓದೋರಿಗೆ ಇರ್ಲಿ ಅಂತ ಹಾಕ್ತಿದೀನಿ. ವೇಲ್ಯಾಂಡ್ (ಲಿನಕ್ಸಲ್ಲಿ ಕಿಟಕಿಗಳನ್ನ ತೋರ್ಸೋ ವ್ಯವಸ್ಥೆ) ಮೇಲೆ ವಿಎಲ್‌ಸಿಯ ಗ್ಲೋಬಲ್ ಕಾಲಂ ಕೆಲಸ ಮಾಡಲ್ಲ, ಯಾಕಂದ್ರೆ ಅಲ್ಲಿ ಒಂದು ಪ್ರೋಗ್ರಾಂ ಇನ್ನೊಂದರ ಕೀ ಕದ್ದು ಕೇಳೋಕೆ ಬಿಡಲ್ಲ. ಪ್ಲೇಯರ್‌ಸಿಟಿಎಲ್ ಅನ್ನೋ ಸಣ್ಣ ಪ್ಯಾಕೇಜ್ ಹಾಕ್ಕೊಳ್ಳಿ, ಗ್ನೋಮ್ ಡೆಸ್ಕ್‌ಟಾಪ್ ಇದ್ರೆ ಅದರ ಸೆಟ್ಟಿಂಗ್ಸ್ ಒಳಗೆ ಕೀಬೋರ್ಡ್, ಕಸ್ಟಮ್ ಶಾರ್ಟ್‌ಕಟ್ಸ್, ಅಲ್ಲಿ ಆ ಕಮಾಂಡ್ ಕೊಡಿ, ‘ಪೊಸಿಷನ್’ ಅಂತ ಬರ್ದು 5 ಹಾಕಿ ಮೈನಸ್ ಚಿಹ್ನೆಯನ್ನ ಅಂಕಿ ಆದ್ಮೇಲೆ ಹಾಕಿದ್ರೆ ಐದು ಸೆಕೆಂಡ್ ಹಿಂದೆ ಹೋಗುತ್ತೆ. ಬ್ರೌಸರೂ ಓಡ್ತಿದ್ರೆ ಯಾವ ಪ್ಲೇಯರ್ ಅಂತ ಹೆಸರು ಹೇಳ್ಬೇಕು.

ಪ್ರಶ್ನೆ ಕೇಳಿದವರು:
ಎಲ್ರಿಗೂ ಥ್ಯಾಂಕ್ಸ್. ಕಂಟ್ರೋಲ್ ಆಲ್ಟ್ ಜೆ, ಕೆ, ಎಲ್ ಹಾಕ್ದೆ, ವರ್ಡ್ ಬಿಡದೇನೇ ನಿಲ್ತಿದೆ, ಹಿಂದಕ್ಕೂ ಹೋಗ್ತಿದೆ. ಆದ್ರೆ ಒಂದು ವಿಚಿತ್ರ. ಸಂಜೆ ಮನೆ ಡೆಸ್ಕ್‌ಟಾಪಲ್ಲಿ ಹಾಡು ಕೇಳೋವಾಗ ಕೀಬೋರ್ಡಿನ ಪ್ಲೇ ಬಟನ್ ಒತ್ತಿದ್ರೆ ವಿಎಲ್‌ಸಿ ನಿಲ್ಲೋ ಬದ್ಲು ಯಾವಾಗ್ಲೋ ನಿಲ್ಸಿದ್ದ ಯೂಟ್ಯೂಬ್ ಟ್ಯಾಬ್ ಶುರು ಆಗುತ್ತೆ. ಎರಡೂ ಒಟ್ಟಿಗೆ ಹಾಡುತ್ತೆ.

ಬೆಂಗಳೂರಿಂದ:
ಅದು ಕ್ರೋಮ್. 2019ರಿಂದ ಮೀಡಿಯಾ ಕೀ ತಾನೇ ಹಿಡ್ಕೊಳ್ಳುತ್ತೆ. ಅಡ್ರೆಸ್ ಬಾರಲ್ಲಿ chrome://flags ಅಂತ ಹೊಡೆದು ಕ್ರೋಮ್‌ನ ಫ್ಲ್ಯಾಗ್ಸ್ ಪುಟ ತೆಗೆದು ‘ಹಾರ್ಡ್‌ವೇರ್ ಮೀಡಿಯಾ ಕೀ ಹ್ಯಾಂಡ್ಲಿಂಗ್’ ಅಂತ ಹುಡುಕಿ ಡಿಸೇಬಲ್ ಮಾಡಿ, ಬ್ರೌಸರ್ ಮುಚ್ಚಿ ತೆಗೀರಿ. ಫೈರ್‌ಫಾಕ್ಸಲ್ಲೂ ಇದೆ, ಅಡ್ರೆಸ್ ಬಾರಲ್ಲಿ about:config ಹೊಡೆದು ಅದರೊಳಗೆ ‘ಹಾರ್ಡ್‌ವೇರ್‌ಮೀಡಿಯಾಕೀಸ್’ ಅಂತ ಹುಡುಕಿದ್ರೆ ಸಿಗುತ್ತೆ, ಫಾಲ್ಸ್ ಮಾಡಿ. ಅಥವಾ ಆ ಟ್ಯಾಬ್ ಮುಚ್ಚಿಬಿಡಿ, ಅದೇ ಸುಲಭ.

ಶಿವಮೊಗ್ಗದಿಂದ:
ಡೆಸ್ಕ್‌ಟಾಪಲ್ಲಿ ನಂಬರ್‌ಪ್ಯಾಡ್ ಇರುತ್ತಲ್ಲ, ಇನ್ನಾದ್ರೂ ನನ್ನ ಮಾತು ಕೇಳಿ. ಫೂಬಾರ್ ಹಾಕಿ ಸೊನ್ನೆಗೆ ಪಾಸ್, ನಾಲ್ಕಕ್ಕೆ ಐದು ಸೆಕೆಂಡ್ ಹಿಂದೆ, ಆರಕ್ಕೆ ಮುಂದೆ. ನಮ್ ಲಾಕ್ ಆನ್ ಇರ್ಲಿ, ಆಫ್ ಆದ್ರೆ ನಾಲ್ಕು, ಆರು ಬಾಣದ ಕೀ ಆಗ್ಬಿಡುತ್ತೆ, ಸೊನ್ನೆ ಇನ್ಸರ್ಟ್ ಆಗುತ್ತೆ. ಅಂಕಿ ಬರಿಯೋಕೆ ಮೇಲಿನ ಸಾಲು ಬಳಸ್ಬೇಕಾಗುತ್ತೆ, ಹರಿಕಥೇಲಿ ಅಂಕಿ ಎಷ್ಟು ಬರುತ್ತೆ ಬಿಡಿ.