ಇಂಗ್ಲೆಂಡಿನ ಹಳೇ ಕಡಲತೀರದ ಊರಿಗೆ ಅಪ್ಪ-ಅಮ್ಮನ ಜೊತೆ: ಯಾವ ಊರು, ಏನೇನು ನೋಡಿಕೊಳ್ಳಬೇಕು?

ಗೋಣಿಕೊಪ್ಪ_ರಸ್ತೆ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 71, ಅಮ್ಮನಿಗೆ 66. ತಂಗಿ ಲಂಡನ್ನಿನಲ್ಲಿದ್ದಾಳೆ, ವೀಸಾ ಆಗಿದೆ. ಮರಳು, ಕತ್ತೆ ಸವಾರಿ, ಬ್ಯಾಂಡು, ಮೀನು-ಚಿಪ್ಸು ಎಲ್ಲ ಇರುವ ಹಳೇ ಕಾಲದ ಕಡಲತೀರದ ಊರು ನೋಡಬೇಕೆಂದು ಅಪ್ಪನ ಆಸೆ. ಅಮ್ಮನಿಗೆ ಮಂಡಿನೋವು. ಸಮತಟ್ಟಿನಲ್ಲಿ ಅರ್ಧ ಕಿಲೋಮೀಟರ್ ನಡೆಯುತ್ತಾರೆ, ಮೆಟ್ಟಿಲು ಕಷ್ಟ. ತಂಗಿ ಬ್ರೈಟನ್ ಅನ್ನುತ್ತಾಳೆ, ಇನ್ನೊಬ್ಬರು ಯಾರ್ಕ್‌ಷೈರ್ ಕಡೆಯ ಸ್ಕಾರ್ಬರೋ ಅಂದರು. ನಾಟಿ ಮುಗಿಸಿ ಆಗಸ್ಟಿನಲ್ಲಿ ಹೋಗಿ ಕೈಲ್‌ಪೊಳ್ದ್ ಹಬ್ಬಕ್ಕೆ ವಾಪಸ್ ಬರುವ ಯೋಚನೆ. ಮನೆಯಲ್ಲಿ ದನದ ಮಾಂಸ ಯಾರೂ ತಿನ್ನಲ್ಲ. ಗೊತ್ತಿದ್ದವರು ಹೇಳಿ.

ಸೋಮವಾರಪೇಟೆ_ಮಳೆ

ಬ್ರೈಟನ್ ಲಂಡನ್ನಿನಿಂದ ರೈಲಿನಲ್ಲಿ ಒಂದು ಗಂಟೆ, ನಿಜ. ಆದರೆ ಅಲ್ಲಿನ ದಡ ಮರಳಲ್ಲ, ಬೆಣಚುಕಲ್ಲು. ಕಾಲಿಟ್ಟಲ್ಲೆಲ್ಲ ಕಲ್ಲು ಜಾರುತ್ತದೆ. ಮಂಡಿನೋವಿನವರಿಗೆ ಹತ್ತು ಹೆಜ್ಜೆಯೂ ಕಷ್ಟ. ಮರಳೇ ಬೇಕೆಂದರೆ ಸ್ಕಾರ್ಬರೋಗೆ ಹೋಗಿ. 1626ರಲ್ಲಿ ಅಲ್ಲಿ ಖನಿಜ ನೀರಿನ ಊಟೆ ಸಿಕ್ಕಿ, ಔಷಧಿಗೆಂದು ಜನ ಬರತೊಡಗಿದರು. ಇಂಗ್ಲೆಂಡಿನ ಕಡಲ ವಿಹಾರದ ಊರುಗಳಲ್ಲಿ ತುಂಬಾ ಹಳೆಯದು ಅದು.

ಲಂಡನ್ ಕಿಂಗ್ಸ್ ಕ್ರಾಸಿನಿಂದ ಯಾರ್ಕ್‌ಗೆ ಸುಮಾರು 2 ಗಂಟೆ. ಅಲ್ಲಿ ರೈಲು ಬದಲಿಸಿದರೆ ಸ್ಕಾರ್ಬರೋಗೆ 50 ನಿಮಿಷ. ಅಡ್ವಾನ್ಸ್ ಟಿಕೆಟ್ ಅಗ್ಗ, ಆದರೆ ಅದರಲ್ಲಿ ಬರೆದ ರೈಲಿಗೇ ಹತ್ತಬೇಕು. ನೀವಾಗಿ ತಪ್ಪಿಸಿಕೊಂಡರೆ ಹೊಸ ಟಿಕೆಟ್. ಅಪ್ಪ-ಅಮ್ಮ ಇಬ್ಬರೂ 60 ದಾಟಿದ್ದಾರಲ್ಲ, ಸೀನಿಯರ್ ರೈಲ್‌ಕಾರ್ಡ್ ಮಾಡಿಸಿ. ಪಾಸ್‌ಪೋರ್ಟ್ ತೋರಿಸಿದರೆ ವಿದೇಶದವರಿಗೂ ಕೊಡುತ್ತಾರೆ, ಮೂರನೇ ಒಂದು ಪಾಲು ದರ ಇಳಿಯುತ್ತದೆ.

ಆಗಸ್ಟ್ ಪೂರ್ತಿ ಅಲ್ಲಿ ಶಾಲೆಗೆ ರಜೆ. ಆ ತಿಂಗಳ ಕೊನೆಯ ಸೋಮವಾರ ಸಾರ್ವತ್ರಿಕ ರಜೆ ಬೇರೆ. ಅದರ ಹಿಂದಿನ ಶನಿವಾರ, ಭಾನುವಾರವೂ ಸೇರಿ ಆ ಮೂರು ದಿನ ಬಿಟ್ಟು ಸೋಮವಾರದಿಂದ ಗುರುವಾರದೊಳಗೆ ಹೋಗಿ. ನನ್ನ ಮಾತು ಕೇಳುವುದಾದರೆ ನಾಟಿಗೆ ಮುಂಚೆ, ಜೂನ್ ಮೊದಲ ಹದಿನೈದು ದಿನದಲ್ಲೇ ಮುಗಿಸಿ. ರೂಮು ಸಲೀಸಾಗಿ ಸಿಗುತ್ತದೆ, ರಾತ್ರಿ ಒಂಬತ್ತೂವರೆವರೆಗೂ ಬೆಳಕಿರುತ್ತದೆ.

ಒಂದು ಕೊರತೆ: ಸಮುದ್ರದೊಳಕ್ಕೆ ಚಾಚಿದ ಉದ್ದ ಪಿಯರ್ (ಕಂಬಗಳ ಮೇಲೆ ಕಟ್ಟಿದ ಸೇತುವೆಯಂಥ ದಾರಿ) ಸ್ಕಾರ್ಬರೋದಲ್ಲಿಲ್ಲ. ಇದ್ದದ್ದು 1905ರ ಬಿರುಗಾಳಿಗೆ ಹೋಯಿತು. ಪಿಯರ್ ನೋಡಲೇಬೇಕೆಂದರೆ ಲಂಡನ್ನಿನಿಂದ ಒಂದು ಗಂಟೆಯ ಸೌತೆಂಡ್‌ಗೆ ಬೇರೆ ದಿನ ಹೋಗಿ. ಅಲ್ಲಿಯದು 2 ಕಿಲೋಮೀಟರಿಗೂ ಉದ್ದ, ಮೇಲೆ ಪುಟ್ಟ ರೈಲು ಓಡುತ್ತದೆ. ಅಮ್ಮ ನಡೆಯಬೇಕಾಗಿಲ್ಲ.

ಕಡಲು_ಕಾಫಿ

ಮೇಲಿನವರು ಹೇಳಿದ್ದೆಲ್ಲ ಸರಿ. ನಾನು ಉಬ್ಬರ-ಇಳಿತದ ವಿಷಯ ಸೇರಿಸುತ್ತೇನೆ, ಏಕೆಂದರೆ ನಮ್ಮವರು ಎಡವುವುದು ಅಲ್ಲೇ. ಮಂಗಳೂರಿನ ಕಡೆ ನೀರು ಏರಿಳಿಯುವುದು ಒಂದೂವರೆ ಮೀಟರಿನ ಆಸುಪಾಸು. ಸ್ಕಾರ್ಬರೋದಲ್ಲಿ ದೊಡ್ಡ ಉಬ್ಬರದ ದಿನ ಸುಮಾರು 5 ಮೀಟರ್. ಬೆಳಿಗ್ಗೆ ಕುರ್ಚಿ ಹಾಕಿದ ಮರಳು ಸಂಜೆಗೆ ನೀರೊಳಗೆ. ಉಬ್ಬರದಿಂದ ಇಳಿತಕ್ಕೆ ಆರು ಗಂಟೆ ಚಿಲ್ಲರೆ, ದಿನಾ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಕಳೆದ ಒಂದೆರಡು ದಿನ ಇಳಿತ ನಡುಹಗಲಿನ ಹೊತ್ತಿಗೆ ಬೀಳುತ್ತದೆ. ಮರಳಿನ ಮೇಲೆ ಕೂರಲು ಅದೇ ಒಳ್ಳೆಯ ಸಮಯ. ಮನೆಯ ಕ್ಯಾಲೆಂಡರ್ ನೋಡಿಯೇ ತಾರೀಕು ಗೊತ್ತುಮಾಡಬಹುದು. ಗಂಟೆ ಪಟ್ಟಿ ನೋಡುವಾಗ ಎಚ್ಚರ: ಕೆಲವು ಪಟ್ಟಿಗಳು ಗ್ರೀನಿಚ್ ಸಮಯದಲ್ಲಿರುತ್ತವೆ, ಬೇಸಿಗೆಯಲ್ಲಿ ಅದಕ್ಕೆ 1 ಗಂಟೆ ಕೂಡಿಸಬೇಕು.

ಊರಿಗೆ ಎರಡು ಕೊಲ್ಲಿ, ನಡುವೆ ಕೋಟೆಯ ಗುಡ್ಡ. ಕತ್ತೆ, ಬಂದರು, ಎರಡು ಪೆನ್ನಿ ನಾಣ್ಯ ಹಾಕುವ ಆಟದ ಮಳಿಗೆ ಎಲ್ಲ ದಕ್ಷಿಣ ಕೊಲ್ಲಿಯಲ್ಲಿ. (ಕತ್ತೆ ಸವಾರಿ ಮಕ್ಕಳಿಗೆ ಮಾತ್ರ, ದೊಡ್ಡವರ ಭಾರ ಹೊರಿಸುವುದಿಲ್ಲ.) ಆದರೆ ಅಲ್ಲಿನ ನೀರಿಗೆ ಇತ್ತೀಚಿನ ವರ್ಷಗಳಲ್ಲಿ ಕಳಪೆ ದರ್ಜೆ ಬಂದಿದೆ. ಕಾಲು ನೆನೆಸುವುದಾದರೆ ಉತ್ತರ ಕೊಲ್ಲಿಗೆ ಹೋಗಿ, ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಿರಿ. ಆಗಸ್ಟಿನಲ್ಲೂ ನೀರು 14-15 ಡಿಗ್ರಿ. ಎರಡು ಕೊಲ್ಲಿ ಸೇರಿಸುವ ಮೆರೈನ್ ಡ್ರೈವ್ ರಸ್ತೆಗೆ ಗಾಳಿಯ ದಿನ ಉಬ್ಬರದ ಹೊತ್ತಿನಲ್ಲಿ ಹೋಗಬೇಡಿ, ಅಲೆ ಗೋಡೆ ಹಾರಿ ರಸ್ತೆಗೆ ಬೀಳುತ್ತದೆ.

ಕೊಡೆ ಮನೆಯಲ್ಲೇ ಬಿಡಿ. ನಮ್ಮ ಮಳೆ ನೇರ ಸುರಿಯುತ್ತದೆ, ಅಲ್ಲಿನದು ಗಾಳಿಯ ಜೊತೆ ಅಡ್ಡ ಬರುತ್ತದೆ. ಟೋಪಿ ಇರುವ ಮಳೆ ಕೋಟು, ಒಳಗೊಂದು ಸ್ವೆಟರ್ ಸಾಕು. ಬಟ್ಟೆಯ ಮಡಚುವ ಕುರ್ಚಿ ಬಾಡಿಗೆಗೆ ತಗೊಂಡರೆ ಹಿಂದಿನ ಅಡ್ಡಪಟ್ಟಿ ಎರಡೂ ಕಡೆಯ ಕಚ್ಚಿನಲ್ಲಿ ಪೂರ್ತಿ ಕೂತಿದೆಯೇ ಎಂದು ಕೈಯಿಂದ ಒತ್ತಿ ನೋಡಿ, ಆಮೇಲೆ ಕೂರಿಸಿ. ಒಂದು ಕಡೆ ಮಾತ್ರ ಕೂತಿದ್ದರೆ ಭಾರ ಬಿದ್ದಾಗ ಕುಸಿದು ಬೆರಳು ಸಿಕ್ಕಿಕೊಳ್ಳುತ್ತದೆ. ಅಮ್ಮನಿಗೆ ಅದು ತೀರಾ ತಗ್ಗು, ಏಳಲು ಕಷ್ಟ. ಅವರಿಗೆ ಬೀದಿ ಬದಿಯ ಬೆಂಚೇ ಸರಿ.

ಪೂರ್ವದ ಗಾಳಿ ಬಂದರೆ ಮಟಮಟ ಮಧ್ಯಾಹ್ನವೂ ಮಂಜು ಕವಿಯುತ್ತದೆ. ತಣ್ಣನೆ ಸಮುದ್ರದ ಮೇಲೆ ಬೆಚ್ಚಗಿನ ಗಾಳಿ ಹಾಯುವಾಗ ಆಗುವುದು ಅದು, ಅಲ್ಲಿಯವರು ಫ್ರೆಟ್ ಅನ್ನುತ್ತಾರೆ. ಒಳನಾಡಿನಲ್ಲಿ ಬಿಸಿಲೇ ಇರುತ್ತದೆ. ಅದಕ್ಕೇ ಎರಡು ರಾತ್ರಿ ಉಳಿಯಿರಿ, ಒಂದೇ ದಿನಕ್ಕೆ ಹೋಗಿ ಬರಬೇಡಿ.

ಕಾಳುಮೆಣಸು

ಅಣ್ಣ, ಊಟದ್ದು ಮುಖ್ಯ. ಯಾರ್ಕ್‌ಷೈರಿನ ಬಹಳ ಅಂಗಡಿಗಳಲ್ಲಿ ಮೀನು, ಚಿಪ್ಸು ಎರಡನ್ನೂ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಅದಕ್ಕೆ ಡ್ರಿಪ್ಪಿಂಗ್ ಎಂದು ಹೆಸರು. ಬರೀ ಚಿಪ್ಸು ತಗೊಂಡರೂ ಅದೇ ಬಾಣಲೆ. "ಎಣ್ಣೆಯೋ, ಡ್ರಿಪ್ಪಿಂಗೋ" ಎಂದು ಮೊದಲೇ ಕೇಳಿ, ಸಸ್ಯದ ಎಣ್ಣೆಯ ಅಂಗಡಿಗಳೂ ಇವೆ. ಆ ಕಡೆ ಹ್ಯಾಡಕ್ ಮೀನೇ ಹೆಚ್ಚು. ಒಂದು ಪಾಲು ಇಬ್ಬರಿಗೆ ಸಾಕು.

ಹೊರಗೆ ತಿನ್ನುವಾಗ ಬೆನ್ನು ಗೋಡೆಗಿರಲಿ. ದೊಡ್ಡ ಹೆರಿಂಗ್ ಗಲ್ ಹಕ್ಕಿ ಹಿಂದಿನಿಂದ ಬಂದು ಕೈಯಲ್ಲಿದ್ದದ್ದನ್ನು ಕಿತ್ತುಕೊಳ್ಳುತ್ತದೆ. ಗ್ರ್ಯಾಂಡ್ ಹೋಟೆಲಿನ ಗೋಡೆಯಲ್ಲಿ ಗೂಡು ಕಟ್ಟುವ ಕಿಟ್ಟಿವೇಕ್ ಪಾಪದ್ದು, ಚಿಪ್ಸಿಗೆ ಬರುವುದಿಲ್ಲ.

ಬಂದರಿನ ಗಾಡಿಗಳಲ್ಲಿ ಏಡಿ ಸಿಗುತ್ತದೆ. ಮಾಂಸ ಬಿಡಿಸಿ ಚಿಪ್ಪಿಗೇ ತುಂಬಿ ತಣ್ಣಗೆ ಕೊಡುತ್ತಾರೆ, ಮಸಾಲೆ ಇರುವುದಿಲ್ಲ. ಮೆಣಸಿನ ಪುಡಿ ಒಂದು ಚಿಟಿಕೆ ಜೇಬಿನಲ್ಲಿರಲಿ.

ಗೋಣಿಕೊಪ್ಪ_ರಸ್ತೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇನ್ನೆರಡು ಪ್ರಶ್ನೆ: ರೂಮು ಗುಡ್ಡದ ಮೇಲೆ ಮಾಡಲೋ ಕೆಳಗೆ ದಡದ ಹತ್ತಿರ ಮಾಡಲೋ? ಅಮ್ಮ ತಂಗಿಗೆಂದು ಪಂದಿ ಉಪ್ಪಿನಕಾಯಿ, ತುಪ್ಪ, ಕಾಚಂಪುಳಿ ಕಟ್ಟಿಡುತ್ತಿದ್ದಾರೆ. ಒಯ್ಯಬಹುದಾ?

ಸೋಮವಾರಪೇಟೆ_ಮಳೆ

ಮೇಲೆ, ಸೌತ್ ಕ್ಲಿಫ್‌ನ ಎಸ್ಪ್ಲನೇಡ್ ಬೀದಿಯ ಹತ್ತಿರ ಮಾಡಿ. ಆ ಬೀದಿ ಸಮತಟ್ಟು, ಕೂತಲ್ಲೇ ಕಡಲು ಕಾಣುತ್ತದೆ. ಅಲ್ಲಿಂದ ಆ ಹಳೇ ಖನಿಜ ನೀರಿನ ಊಟೆಯ ಜಾಗದ ಸ್ಪಾ ಕಟ್ಟಡಕ್ಕೆ ಇಳಿಯಲು ಹಳಿಯ ಮೇಲೆ ಜಾರುವ ಡಬ್ಬಿಯಂಥ ಲಿಫ್ಟ್ ಇದೆ, 1875ರದು. ಬೇಸಿಗೆಯಲ್ಲಿ ಸ್ಪಾ ಆರ್ಕೆಸ್ಟ್ರಾ ನುಡಿಸುವುದು ಅಲ್ಲೇ, ಅಪ್ಪನ ಬ್ಯಾಂಡಿನ ಆಸೆ ತೀರುತ್ತದೆ. ಗ್ರ್ಯಾಂಡ್ ಹೋಟೆಲಿನ ಪಕ್ಕದಿಂದ ಮರಳಿಗೆ ಇಳಿಯಲು 1881ರ ಇನ್ನೊಂದು ಲಿಫ್ಟ್. ರಿಪೇರಿಗೆ, ಗಾಳಿಗೆ ಇವು ನಿಲ್ಲುವುದುಂಟು. ಬೆಳಿಗ್ಗೆಯೇ ವಿಚಾರಿಸಿ, ನಿಂತಿದ್ದರೆ ಟ್ಯಾಕ್ಸಿ ಹಿಡಿಯಿರಿ. ಇಳಿಜಾರು ದಾರಿ ಇಳಿಯುವುದು ಮಂಡಿಗೆ ಹತ್ತುವುದಕ್ಕಿಂತ ಕೆಟ್ಟದ್ದು.

ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಮನೆಗಳು ಬಹುಪಾಲು ಮೂರು ನಾಲ್ಕು ಅಂತಸ್ತಿನ ಹಳೇ ಕಟ್ಟಡಗಳು, ಲಿಫ್ಟ್ ಇರುವುದು ಅಪರೂಪ. ನೆಲಮಹಡಿಯ ರೂಮೇ ಬೇಕೆಂದು ಬರೆದು ಒಪ್ಪಿಸಿಕೊಳ್ಳಿ. ಬಾಗಿಲಲ್ಲೇ ಐದಾರು ಮೆಟ್ಟಿಲಿರಬಹುದು, ಅದನ್ನೂ ಕೇಳಿ.

ಪಂದಿ ಉಪ್ಪಿನಕಾಯಿ, ತುಪ್ಪ ಎರಡೂ ಬೇಡ. ಇಲ್ಲಿಂದ ಮಾಂಸ, ಹಾಲಿನ ಪದಾರ್ಥ ಒಯ್ಯುವಂತಿಲ್ಲ, ಸಿಕ್ಕರೆ ಕಸ್ಟಮ್ಸ್‌ನವರು ತೆಗೆದುಕೊಳ್ಳುತ್ತಾರೆ. ಕಾಚಂಪುಳಿ ಹಣ್ಣಿನ ರಸ, ಅದಕ್ಕೆ ತೊಂದರೆಯಿಲ್ಲ. ಗಾಜಿನ ಬಾಟಲಿ ಬೇಡ, ದಪ್ಪ ಪ್ಲಾಸ್ಟಿಕ್ಕಿಗೆ ಹಾಕಿ, ಮುಚ್ಚಳಕ್ಕೆ ಟೇಪ್ ಸುತ್ತಿ, ಎರಡು ಕವರಿನಲ್ಲಿಟ್ಟು ಚೆಕ್-ಇನ್ ಸೂಟ್‌ಕೇಸಿಗೇ ಹಾಕಿ. ಸೋರಿದರೆ ಆ ಕಪ್ಪು ಕಲೆ ಬಟ್ಟೆಯಿಂದ ಹೋಗುವುದಿಲ್ಲ.