ಮಗನಿಗೆ ಮೆದುಳಿನ ಸ್ಕ್ಯಾನ್, ಸೆರೊಟೋನಿನ್ ಟೆಸ್ಟ್ ಮಾಡಿಸಬೇಕಾ ಡಾಕ್ಟ್ರೇ?

ಪ್ರಶ್ನೆ (ತಾಯಿ, ಗಂಗಾವತಿ): ನಮಸ್ಕಾರ ಡಾಕ್ಟ್ರೇ. ಮಗನಿಗೆ ನಾಲ್ಕು ವರ್ಷ. ಹೋದ ತಿಂಗಳು ಆಟಿಸಂ ಅಂತ ಹೇಳಿದರು. ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಾನೆ. ಹೆಸರು ಹಿಡಿದು ಕರೆದರೆ ಮಾತ್ರ ತಿರುಗಿಯೂ ನೋಡಲ್ಲ. ಪರಿಚಯದವರೊಬ್ಬರು "ಮೆದುಳಿನ ವೈರಿಂಗ್ ಸರಿಯಿಲ್ಲ, ಕೆಮಿಕಲ್ ಏರುಪೇರಾಗಿದೆ, ಎಂಆರ್‌ಐ ಮಾಡಿಸಿ, ರಕ್ತದಲ್ಲಿ ಸೆರೊಟೋನಿನ್ ನೋಡಿಸಿ" ಅಂದರು. ಮಾಡಿಸಲಾ? ಭತ್ತಕ್ಕೆ ತಂದ ಸಾಲವೇ ತೀರಿಲ್ಲ.

ಉತ್ತರ (ಮಕ್ಕಳ ನರರೋಗ ವೈದ್ಯ): ಸದ್ಯಕ್ಕೆ ಬೇಡಮ್ಮಾ. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ, ತೊಂದರೆ ಆಗುವುದೇ ಅದರಿಂದ.

ನಿಮ್ಮ ಕಡೆ ಎಡದಂಡೆ ಕಾಲುವೆ ಇದೆ, ಅದರಿಂದ ಹೊಲಗಾಲುವೆಗಳು ಒಡೆಯುತ್ತವೆ ಅಲ್ವಾ? ಮೆದುಳಿನಲ್ಲೂ ದೂರದ ಭಾಗಗಳನ್ನು ಕೂಡಿಸುವ ದೊಡ್ಡ ದಾರಿಗಳಿವೆ, ಅಕ್ಕಪಕ್ಕ ಕೂಡಿಸುವ ಸಣ್ಣವೂ ಇವೆ. ಆಟಿಸಂನಲ್ಲಿ ದೂರದ ಜೋಡಣೆ ಸಡಿಲ ಎಂಬ ವಾದ 2004ರಲ್ಲಿ ಬಂತು. ಆಮೇಲಿನ ಸ್ಕ್ಯಾನ್‌ಗಳಲ್ಲಿ ಕೆಲವು ಕಡೆ ಕಡಿಮೆ, ಕೆಲವು ಕಡೆ ಜಾಸ್ತಿ ಕಂಡಿತು. ವಯಸ್ಸಿನ ಮೇಲೂ ಬದಲಾಗುತ್ತದೆ. ತಲೆ ಸ್ವಲ್ಪ ಅಲುಗಿದರೂ ಆ ಲೆಕ್ಕ ಕೆಡುತ್ತದೆ. ನಾಲ್ಕು ವರ್ಷದ ಹುಡುಗ ಆ ಗಡಗಡ ಸದ್ದಿನ ಮಷೀನಿನಲ್ಲಿ ಸುಮ್ನೆ ಮಲಗುತ್ತಾನಾ? ಇದೆಲ್ಲ ಹತ್ತಾರು ಮಕ್ಕಳ ಸರಾಸರಿ ತೆಗೆದಾಗ ಕಾಣುವ ಮಾತು. ಒಬ್ಬ ಹುಡುಗನ ಚಿತ್ರ ನೋಡಿ ಆಟಿಸಂ ಹೇಳಲು ಬರುವುದಿಲ್ಲ. ಫಿಟ್ಸ್ ಬಂದರೆ, ಕಲಿತ ಮಾತು ಮರೆತುಹೋದರೆ ಕಥೆ ಬೇರೆ, ಆಗ ಇಇಜಿ (ಮೆದುಳಿನ ವಿದ್ಯುತ್ ಅಲೆ ನೋಡುವ ಪರೀಕ್ಷೆ), ಎಂಆರ್‌ಐ ನಾವೇ ಬರೆದುಕೊಡುತ್ತೇವೆ.

ಸೆರೊಟೋನಿನ್ ಅಂದರೆ ನರಗಳ ನಡುವೆ ಸುದ್ದಿ ಮುಟ್ಟಿಸುವ ಒಂದು ಕೆಮಿಕಲ್. ಅದರ ವಿಷಯ ಹಳೆಯದು. ಆಟಿಸಂ ಇರುವ ಕೆಲವು ಮಕ್ಕಳ ರಕ್ತದಲ್ಲಿ ಅದು ಜಾಸ್ತಿ ಇರುವುದು 1961ರಲ್ಲೇ ಗೊತ್ತಾಯಿತು, ಸುಮಾರು ನಾಲ್ವರಲ್ಲಿ ಒಬ್ಬರಿಗೆ. ಆದರೆ ರಕ್ತದ ಸೆರೊಟೋನಿನ್ ಹೆಚ್ಚಾಗಿ ಕರುಳಿನಲ್ಲಿ ತಯಾರಾಗಿದ್ದು. ಅದು ಮೆದುಳಿಗೆ ದಾಟುವುದಿಲ್ಲ. ಕಾಲುವೆ ನೀರು ಅಳೆದು ಬೋರ್‌ವೆಲ್‌ನಲ್ಲಿ ಎಷ್ಟಿದೆ ಅಂತ ಹೇಳಿದ ಹಾಗೆ.

ಇನ್ನು ಗ್ಲುಟಮೇಟ್, ಗ್ಯಾಬಾ ಅಂತ ಮೆದುಳಿನ ಎರಡು ಕೆಮಿಕಲ್ ಇವೆ. ಕಾಲುವೆಯ ತೂಬಿನ ಹಾಗೆ, ಗ್ಲುಟಮೇಟ್ ನರಗಳ ಚುರುಕು ಎತ್ತುತ್ತದೆ, ಗ್ಯಾಬಾ ಇಳಿಸುತ್ತದೆ. ಈ ಎತ್ತು-ಇಳಿವಿನ ಲೆಕ್ಕ ತಪ್ಪಿದರೆ ಮಿಕ್ಸಿ ಸದ್ದು ಅವನಿಗೆ ಸಿಡಿಲಿನಂತೆ ಕೇಳಬಹುದು, ಊಹೆ ಅಷ್ಟೇ. ಇದೇ ಊಹೆ ಹಿಡಿದು ಬುಮೆಟನೈಡ್ ಮಾತ್ರೆ ಕೊಟ್ಟು ನೋಡಿದರು. ಗುಣ ಕಾಣದೆ 2021ರಲ್ಲಿ ದೊಡ್ಡ ಪ್ರಯೋಗಗಳು ನಿಂತವು.

ತಾಯಿ: ಮೊಬೈಲ್ ಕೊಟ್ಟು ಕೂರಿಸಿದ್ದಕ್ಕೇ ಹೀಗಾಯಿತು ಅಂತ ಅತ್ತೆ ದಿನಾ ಅನ್ನುತ್ತಾರೆ.

ಉತ್ತರ: ಮೆದುಳಿನ ಈ ಜೋಡಣೆ ಮಗು ಹೊಟ್ಟೆಯಲ್ಲಿದ್ದಾಗಲೇ ಶುರುವಾಗುತ್ತದೆ. ಆಗ ಅವನ ಕೈಯಲ್ಲಿ ಮೊಬೈಲ್ ಇತ್ತಾ, ಕೇಳಿ! ಮೊಬೈಲ್ ಹೊತ್ತು ಕಡಿಮೆ ಮಾಡಿ, ಅದು ಬೇರೆ ಮಾತು. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮಿಕ್ಸಿಗೆ ಓಡುತ್ತಾನೆ ಅಂದ ಮಾತ್ರಕ್ಕೆ ಕಿವಿ ಪೂರ್ತಿ ಸರಿಯಿದೆ ಅಂತಲ್ಲ. ಆಮೇಲೆ ಜಿಲ್ಲಾ ಮಟ್ಟದ ಡಿಇಐಸಿಯಲ್ಲಿ (ಮಕ್ಕಳ ಬೆಳವಣಿಗೆ ತೊಂದರೆಗೆ ಬೇಗ ನೆರವು ಕೊಡುವ ಸರ್ಕಾರಿ ಕೇಂದ್ರ) ಸ್ಪೀಚ್ ಥೆರಪಿ ಕೇಳಿ. ಮಿಕ್ಸಿ ಹಾಕುವ ಮೊದಲು ಅವನಿಗೆ ಜಾರ್ ತೋರಿಸಿ, "ಈಗ ಸದ್ದು ಬರುತ್ತೆ" ಅನ್ನಿ. ಸ್ವಿಚ್ ಅವನೇ ಒತ್ತಲಿ.

ಅಜ್ಜ, ಸಿಂಧನೂರು: ಸರ್, ನನ್ನ ಮೊಮ್ಮಗನಿಗೆ ರಿಸ್ಪೆರಿಡೋನ್ ಕೊಟ್ಟಿದ್ದಾರೆ. ಮಾತು ಬರುತ್ತಾ?

ಉತ್ತರ: ಮಾತಿಗಲ್ಲ ಯಜಮಾನ್ರೇ. ತಲೆ ಚಚ್ಚಿಕೊಳ್ಳುವುದು, ಕಚ್ಚುವುದು, ವಿಪರೀತ ಸಿಟ್ಟು ಇದ್ದರೆ ತಗ್ಗಿಸಲು ಕೊಡುತ್ತಾರೆ. ಮೆದುಳಿನ ಕೆಮಿಕಲ್‌ಗಳಾದ ಡೋಪಮಿನ್, ಸೆರೊಟೋನಿನ್ ಎರಡರ ಮೇಲೂ ಕೆಲಸ ಮಾಡುತ್ತದೆ. ಹಸಿವು ಜಾಸ್ತಿಯಾಗಿ ತೂಕ ಏರಬಹುದು, ತಿಂಗಳಿಗೊಮ್ಮೆ ತೂಗಿ ಬರೆದಿಡಿ. ಬರೆದುಕೊಟ್ಟ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.